ಶಾಸಕರ ಶಿಫಾರಸು ಪತ್ರವೋ, ಸಂಸತ್ತಿನಲ್ಲೊಂದು ಪ್ರಶ್ನೆಯೋ?

ಪ್ರಶ್ನೆ: ನಾವು ಬೈಂದೂರು ತಾಲ್ಲೂಕಿನವರು. ನನ್ನ ತಮ್ಮನ ಮಗಳಿಗೆ ಮೂರು ವರ್ಷ, ತೂಕ 12 ಕಿಲೋ. ಕುಳಿತುಕೊಳ್ಳುತ್ತಾಳೆ, ಎದ್ದು ನಿಲ್ಲಲು ಆಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಎಸ್‌ಎಂಎ (ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸ್ನಾಯುಗಳು ಬಲಗುಂದುತ್ತಾ ಹೋಗುವ ಆನುವಂಶಿಕ ಕಾಯಿಲೆ), ಎರಡನೇ ಬಗೆ ಎಂದು ಬಂದಿದೆ. ಹದಿನಾರು ಕೋಟಿಯ ಇಂಜೆಕ್ಷನ್ ಬೇಕು ಎಂದು ಕಂಡವರೆಲ್ಲ ಹೇಳಿ ಮನೆಯವರ ಕೈಕಾಲು ತಣ್ಣಗಾಗಿದೆ. ಈಚೆಗೆ ಉಡುಪಿಯ ಸಮಾರಂಭವೊಂದರಲ್ಲಿ ಜನಪ್ರತಿನಿಧಿಯೊಬ್ಬರು, ಇಂಥ ಕಾಯಿಲೆಗಳ ಸಂಶೋಧನೆಗೆ ಹೆಚ್ಚು ಹಣ ಕೊಡಬೇಕು, ಬಡವರಿಗೂ ಚಿಕಿತ್ಸೆ ಸಿಗಬೇಕು, ಅದಕ್ಕೆ ನನ್ನ ಬೆಂಬಲವಿದೆ ಎಂದರು. ಅವರ ಬೆಂಬಲದಿಂದ ನಮ್ಮ ಮಗುವಿಗೆ ಏನಾದರೂ ಆಗುವುದುಂಟೇ? ನಾವು ಶಾಸಕರ ಬಳಿ ಹೋಗಬೇಕೋ, ಸಂಸದರ ಬಳಿಯೋ? ಹೋಗಿ ಏನೆಂದು ಕೇಳಬೇಕು?

ಉತ್ತರ: ಮೊದಲು ಮಗುವಿನ ವಿಷಯ, ಜನಪ್ರತಿನಿಧಿಗಳ ವಿಷಯ ಆಮೇಲೆ.

ಹದಿನಾರು ಕೋಟಿಯ ಲೆಕ್ಕವನ್ನು ಇವತ್ತೇ ತಲೆಯಿಂದ ಇಳಿಸಿಬಿಡಿ. ಜನ ಹೇಳುತ್ತಿರುವುದು ಜೋಲ್ಜೆನ್ಸ್ಮಾ ಎಂಬ ಜೀನ್ ಚಿಕಿತ್ಸೆಯ ಬಗ್ಗೆ. 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ನಿಮ್ಮ ಮಗು ಆ ವಯಸ್ಸು ದಾಟಿದ್ದಾಳೆ. ಅವಳ ಮಟ್ಟಿಗೆ ಈಗ ವೈದ್ಯರೊಡನೆ ಮಾತನಾಡಬೇಕಾದ ಔಷಧ ರಿಸ್ಡಿಪ್ಲಾಮ್. ಬಾಯಿಗೆ ಹಾಕುವ ಔಷಧ, ದಿನಕ್ಕೊಮ್ಮೆ, ಮನೆಯಲ್ಲೇ. ಮೊನ್ನೆ ಮೊನ್ನೆಯವರೆಗೆ ಇದರ ಒಂದು ಬಾಟಲಿಗೆ ಆರು ಲಕ್ಷ ರೂಪಾಯಿಗೂ ಹೆಚ್ಚು ಬೆಲೆ ಇತ್ತು. ಅಕ್ಟೋಬರ್ 2025ರಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿ ಅದೇ ಔಷಧವನ್ನು ತಯಾರಿಸಿ 15,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು. ಔಷಧದ ಮೂಲ ತಯಾರಕರಾದ ರೋಶ್ ಕಂಪನಿ ಪೇಟೆಂಟ್ ಹಿಡಿದು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಮಾರಾಟಕ್ಕೆ ತಾತ್ಕಾಲಿಕ ತಡೆ ಕೊಡಲು ಏಕಸದಸ್ಯ ಪೀಠ ಒಪ್ಪಲಿಲ್ಲ, ವಿಭಾಗೀಯ ಪೀಠವೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಲಿಲ್ಲ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಬಾಟಲಿಯಲ್ಲಿರುವುದು 60 ಮಿಲಿಗ್ರಾಂ ಔಷಧದ ಪುಡಿ. ಔಷಧಾಲಯದಲ್ಲಿ ನೀರು ಬೆರೆಸಿದಾಗ ಅದು 80 ಮಿಲಿಲೀಟರ್ ದ್ರಾವಣವಾಗುತ್ತದೆ. ಎರಡು ವರ್ಷ ದಾಟಿದ, 20 ಕಿಲೋ ಮುಟ್ಟದ ಮಕ್ಕಳಿಗೆ ಕಿಲೋಗೆ 0.25 ಮಿಲಿಗ್ರಾಂ. 12 ಕಿಲೋದ ಮಗುವಿಗೆ ದಿನಕ್ಕೆ 3 ಮಿಲಿಗ್ರಾಂ, ಅಂದರೆ ಸೂಜಿಯಿಲ್ಲದ ಸಿರಿಂಜಿನಲ್ಲಿ 4 ಮಿಲಿಲೀಟರ್. ಒಂದು ಬಾಟಲಿ ಇಪ್ಪತ್ತು ದಿನಕ್ಕೆ ಬರುತ್ತದೆ. ವರ್ಷಕ್ಕೆ ಹತ್ತೊಂಬತ್ತು ಬಾಟಲಿ ಹಿಡಿದರೆ ಮೂರು ಲಕ್ಷ ರೂಪಾಯಿ. ಹಳೆಯ ದರದಲ್ಲಿ ಇದೇ ಹತ್ತೊಂಬತ್ತು ಬಾಟಲಿಗೆ ಒಂದು ಕೋಟಿಯ ಮೇಲಾಗುತ್ತಿತ್ತು. ಮಗು 20 ಕಿಲೋ ಮುಟ್ಟಿದ ಮೇಲೆ ದಿನಕ್ಕೆ 5 ಮಿಲಿಗ್ರಾಂ ಬೇಕಾಗುತ್ತದೆ, ಬಾಟಲಿ ಹನ್ನೆರಡು ದಿನಕ್ಕೇ ಖಾಲಿಯಾಗುತ್ತದೆ, ವರ್ಷದ ಖರ್ಚು ಐದು ಲಕ್ಷದ ಹತ್ತಿರ ಹೋಗುತ್ತದೆ. ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಾನು ವೈದ್ಯಳಲ್ಲ. ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಇಪ್ಪತ್ತೆರಡು ವರ್ಷ ಜನರ ಅರ್ಜಿ ಬರೆದವಳು. ಲೆಕ್ಕ ಕೊಟ್ಟದ್ದು ಯಾಕೆಂದರೆ, ನೀವು ಜನಪ್ರತಿನಿಧಿಯ ಮುಂದೆ ಕುಳಿತಾಗ ಕೇಳಬೇಕಾದ ಮೊತ್ತ ಯಾವುದೆಂದು ನಿಮಗೆ ಗೊತ್ತಿರಬೇಕು. ಹದಿನಾರು ಕೋಟಿ ಎಂದರೆ ಎದುರಿಗಿದ್ದವರು ಮರುಗುತ್ತಾರೆ, ಅಷ್ಟೆ. ವರ್ಷಕ್ಕೆ ಮೂರು ಲಕ್ಷ ಎಂದರೆ ಪೆನ್ನು ತೆಗೆಯುತ್ತಾರೆ.

ಒಂದು ಕಹಿ ಮಾತನ್ನೂ ಮುಚ್ಚಿಡುವುದಿಲ್ಲ. ಈ ಕಾಯಿಲೆಯಲ್ಲಿ ಬೆನ್ನುಹುರಿಯ ನರಕೋಶಗಳು ಸಾಯುತ್ತವೆ, ಸತ್ತವು ಮರಳುವುದಿಲ್ಲ. ಔಷಧ ಉಳಿದದ್ದನ್ನು ಕಾಪಾಡುತ್ತದೆ, ಕೆಲವು ಮಕ್ಕಳಲ್ಲಿ ಬಲ ಸ್ವಲ್ಪ ಹೆಚ್ಚುತ್ತದೆ. ಹಾಗಾಗಿ ಆರು ತಿಂಗಳ ವಿಳಂಬ ಎಂದರೆ ಬರೀ ಆರು ತಿಂಗಳಲ್ಲ, ಆ ಅವಧಿಯಲ್ಲಿ ಕಳೆದುಕೊಂಡ ಶಕ್ತಿ ಕೂಡ. ಮುಂದೆ ಹೇಳುವುದನ್ನೆಲ್ಲ ಈ ಆತುರ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಬೆಂಬಲದಿಂದ ಏನಾದರೂ ಆಗುವುದುಂಟೇ? ಉಂಟು. ಆದರೆ ವೇದಿಕೆಯ ಮೇಲೆ ಆಡಿದ ಮಾತು ಒಂದು ಕಾಗದವಾಗಿ ಬದಲಾಗಬೇಕು, ಆ ಕಾಗದ ಸರಿಯಾದ ಕಚೇರಿಗೆ ಹೋಗಬೇಕು. ಸಂಶೋಧನೆಗೆ ಹಣ ಕೊಡಿಸುವುದು, ಇರುವ ಔಷಧವನ್ನು ಮಗುವಿನ ಬಾಯಿಗೆ ತಲುಪಿಸುವುದು, ಇವು ಎರಡು ಬೇರೆ ಕೆಲಸಗಳು. ಭಾಷಣದಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನಿಮಗೆ ಈ ವಾರ ಬೇಕಾದದ್ದು ಎರಡನೆಯದು.

ಮೊದಲನೆಯದು ಎಷ್ಟು ನಿಧಾನದ ಕೆಲಸ ಎಂದು ನೋಡಿ. ಎಸ್‌ಎಂಎಗೆ ಕಾರಣವಾದ ಎಸ್‌ಎಂಎನ್1 ಜೀನನ್ನು ಪ್ಯಾರಿಸ್ಸಿನಲ್ಲಿ ಜುಡಿತ್ ಮೆಲ್ಕಿ ಅವರ ತಂಡ ಗುರುತಿಸಿದ್ದು 1995ರಲ್ಲಿ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಏಡ್ರಿಯನ್ ಕ್ರೈನರ್ ವರ್ಷಗಟ್ಟಲೆ ನಡೆಸಿದ ಮೂಲ ಸಂಶೋಧನೆಗೆ ಅಲ್ಲಿನ ಸರ್ಕಾರದ ಹಣವಿತ್ತು. ಅದರ ಫಲವಾದ ನುಸಿನರ್ಸೆನ್ ಎಂಬ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ಡಿಸೆಂಬರ್ 2016ರಲ್ಲಿ, ರಿಸ್ಡಿಪ್ಲಾಮ್‌ಗೆ 2020ರಲ್ಲಿ. ಇಪ್ಪತ್ತೈದು ವರ್ಷ! 1983ರಲ್ಲಿ ಅಮೆರಿಕದ ಸಂಸತ್ತು, ಹೆನ್ರಿ ವ್ಯಾಕ್ಸ್‌ಮನ್ ಎಂಬ ಸದಸ್ಯರ ಮುಂದಾಳತ್ವದಲ್ಲಿ, ಅಪರೂಪದ ಕಾಯಿಲೆಗಳ ಔಷಧಕ್ಕೆಂದೇ ಒಂದು ಕಾಯಿದೆ ಮಾಡಿತು. ತೆರಿಗೆ ರಿಯಾಯಿತಿ, ಏಳು ವರ್ಷ ಪೈಪೋಟಿಯಿಲ್ಲದೆ ಮಾರುವ ಹಕ್ಕು, ಹೀಗೆ ಕಂಪನಿಗಳನ್ನು ಈ ಕಡೆ ಸೆಳೆಯಿತು. ಔಷಧಗಳು ಬಂದವು, ಬೆಲೆ ಆಕಾಶಕ್ಕೇರಿತು. ಸಂಶೋಧನೆಗೆ ಹಣ ಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಕೈಗೆಟಕುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹಾಗೆಂದು ಆ ಹಣ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಯಾರೋ ಎಲ್ಲೋ ಕೊಟ್ಟ ತೆರಿಗೆಯಿಂದಲ್ಲವೇ ಇವತ್ತು ನಮಗೆ ಔಷಧವೊಂದರ ಹೆಸರಾದರೂ ಗೊತ್ತಿರುವುದು? ನಮ್ಮ ದೇಶ ಒಟ್ಟು ಸಂಶೋಧನೆಗೆ ಇಡುತ್ತಿರುವುದು 2020–21ರ ಲೆಕ್ಕದಂತೆ ಜಿಡಿಪಿಯ ಶೇಕಡಾ 0.64. ಆ ಜನಪ್ರತಿನಿಧಿ ಹೇಳಿದ್ದರಲ್ಲಿ ತಪ್ಪಿಲ್ಲ, ಹೇಳುತ್ತಲೇ ಇರಲಿ.

ಇನ್ನು ಎರಡನೆಯ ಕೆಲಸ. ಇಲ್ಲಿ ಒಬ್ಬ ಜನಪ್ರತಿನಿಧಿ ಏನು ಮಾಡಬಲ್ಲರು ಎಂಬುದಕ್ಕೆ ನಾನು ಯಾವಾಗಲೂ ಎರಡು ಉದಾಹರಣೆ ಕೊಡುತ್ತೇನೆ. 2021ರಲ್ಲಿ ಮುಂಬೈಯ ಐದು ತಿಂಗಳ ಮಗುವಿಗೆ ಅದೇ ಹದಿನಾರು ಕೋಟಿಯ ಔಷಧ ತರಿಸಬೇಕಾಗಿತ್ತು. ಹಣವನ್ನು ಜನರಿಂದ ಕೂಡಿಸಿದ್ದರು. ಅದರ ಮೇಲೆ ಆಮದು ಸುಂಕ, ಜಿಎಸ್‌ಟಿ ಸೇರಿ ಆರು ಕೋಟಿಯಷ್ಟು ತೆರಿಗೆ! ಆಗ ಮಹಾರಾಷ್ಟ್ರ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಂದ್ರ ಫಡಣವೀಸ್ ಪ್ರಧಾನಿಗೆ ಪತ್ರ ಬರೆದರು, ತೆರಿಗೆ ಮನ್ನಾ ಆಯಿತು. 2023ರ ಮಾರ್ಚ್‌ನಲ್ಲಿ ಕ್ಯಾನ್ಸರ್ ಇದ್ದ ಇನ್ನೊಂದು ಮಗುವಿನ ಆಮದು ಔಷಧಕ್ಕೆ ಏಳು ಲಕ್ಷದಷ್ಟು ಜಿಎಸ್‌ಟಿ ಬಿತ್ತು. ತಿರುವನಂತಪುರದ ಸಂಸದ ಶಶಿ ತರೂರ್ ಹಣಕಾಸು ಸಚಿವೆಯನ್ನು ಕೇಳಿಕೊಂಡರು, ವಿನಾಯಿತಿ ಸಿಕ್ಕಿತು. ಒಬ್ಬರು ಬಿಜೆಪಿ, ಇನ್ನೊಬ್ಬರು ಕಾಂಗ್ರೆಸ್. ಕಾಯಿಲೆಗೆ ಪಕ್ಷವಿಲ್ಲ, ನೀವು ಯಾರ ಬಾಗಿಲು ತಟ್ಟಲೂ ಹಿಂಜರಿಯಬೇಕಾಗಿಲ್ಲ.

ಆದರೆ ನನಗೆ ಮುಖ್ಯವಾಗಿ ಕಂಡದ್ದು ಆ ಎರಡು ಪತ್ರಗಳ ನಂತರ ಆದದ್ದು. 2023ರ ಏಪ್ರಿಲ್ 1ರಿಂದ, ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಎಲ್ಲ ಅಪರೂಪದ ಕಾಯಿಲೆಗಳಿಗೂ ಸ್ವಂತ ಬಳಕೆಗೆ ತರಿಸುವ ಔಷಧದ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಪೂರ್ತಿ ತೆಗೆಯಿತು. ಅದೇ ವರ್ಷ ಜುಲೈಯಲ್ಲಿ ಜಿಎಸ್‌ಟಿ ಮಂಡಳಿ ತನ್ನ 50ನೇ ಸಭೆಯಲ್ಲಿ ಅಂಥ ಔಷಧಗಳಿಗೂ, ಆ ಕ್ಯಾನ್ಸರ್ ಔಷಧಕ್ಕೂ ತೆರಿಗೆ ಬಿಟ್ಟುಕೊಟ್ಟಿತು. ಈಗ ಯಾವ ತಂದೆಯೂ ಅದಕ್ಕಾಗಿ ಯಾರ ಕಾಲಿಗೂ ಬೀಳಬೇಕಾಗಿಲ್ಲ. ಒಂದು ಮಗುವಿಗೆ ಕೊಟ್ಟ ವಿನಾಯಿತಿ ಎಲ್ಲ ಮಕ್ಕಳಿಗೂ ನಿಯಮವಾಯಿತು. ಜನಪ್ರತಿನಿಧಿಯ ಬೆಂಬಲದಿಂದ ನಾನು ನಿರೀಕ್ಷಿಸುವುದು ಇದನ್ನು. ಶಿಫಾರಸು ಪತ್ರ ಒಂದು ಕಡತವನ್ನು ಮೇಜಿನಿಂದ ಮೇಜಿಗೆ ಸರಿಸುತ್ತದೆ. ನಿಯಮವಾದರೆ ಆ ಕಡತವೇ ಬೇಕಾಗುವುದಿಲ್ಲ.

ನಿಮ್ಮ ಊರಿನ ಒಂದು ವಿಶೇಷ ಇಲ್ಲೇ ಹೇಳಬೇಕು. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಶಿವಮೊಗ್ಗ ಕ್ಷೇತ್ರಕ್ಕೆ ಸೇರಿದೆ. ಜಿಲ್ಲೆಯ ಉಳಿದ ನಾಲ್ಕು ವಿಧಾನಸಭಾ ಕ್ಷೇತ್ರಗಳು ಮಾತ್ರ ಉಡುಪಿ ಚಿಕ್ಕಮಗಳೂರಿಗೆ. ಹಾಗಾಗಿ ನಿಮ್ಮ ಸಂಸದರೆಂದರೆ ಶಿವಮೊಗ್ಗದವರು. ಕ್ಷೇತ್ರ ತಪ್ಪಿದ ಅರ್ಜಿ ಆಪ್ತ ಸಹಾಯಕರ ಮೇಜಿನಿಂದಲೇ ಹಿಂದೆ ಬರಬಹುದು. ಆಧಾರ್ ಪ್ರತಿಯ ಜೊತೆಗೆ ತಮ್ಮನ ಮತದಾರರ ಗುರುತಿನ ಚೀಟಿಯ ಪ್ರತಿಯನ್ನೂ ಇಡಿ.

ಶಾಸಕರೋ ಸಂಸದರೋ ಎಂಬುದಕ್ಕೆ ಉತ್ತರ ಸಂವಿಧಾನದಲ್ಲಿದೆ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲಿವೆ. ಆಮದು ಸುಂಕ, ಪೇಟೆಂಟ್ ಕೇಂದ್ರದ ಪಟ್ಟಿಯಲ್ಲಿವೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯೂ ಅದರ ಹಣವೂ ಕೇಂದ್ರದ್ದೇ. ಹಾಗಾಗಿ ಔಷಧದ ವಿಷಯಕ್ಕೆ ಸಂಸದರು. ಫಿಸಿಯೋಥೆರಪಿ, ಉಸಿರಾಟದ ಯಂತ್ರ, ಮುಖ್ಯಮಂತ್ರಿಗಳ ಪರಿಹಾರ ನಿಧಿ, ಮಕ್ಕಳ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ನಡೆಯುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ, ಇವಕ್ಕೆ ಶಾಸಕರು. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಕೊಡಿಸಿ ಎಂದು ಮಾತ್ರ ಕೇಳಬೇಡಿ. ವರ್ಷಕ್ಕೆ ಐದು ಕೋಟಿ ಇರುವುದು ನಿಜ, ಆದರೆ ಅದನ್ನು ಒಬ್ಬ ವ್ಯಕ್ತಿಯ, ಒಂದು ಕುಟುಂಬದ ಔಷಧದ ಖರ್ಚಿಗೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಸರ್ಕಾರಿ ಆಸ್ಪತ್ರೆಗೆ ಉಪಕರಣ ಕೊಡಿಸಲು ಅವಕಾಶವಿದೆ. ಎಸ್‌ಎಂಎ ಮಕ್ಕಳಿಗೆ ಕಫ ತೆಗೆಯಲು ನೆರವಾಗುವ ಕಾಫ್ ಅಸಿಸ್ಟ್ ಯಂತ್ರ ಒಂದು ಜಿಲ್ಲಾಸ್ಪತ್ರೆಯಲ್ಲಿದ್ದರೆ ಎಷ್ಟು ಮನೆಗಳಿಗೆ ಮಳೆಗಾಲದ ರಾತ್ರಿಗಳು ಹಗುರವಾಗುತ್ತವೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಕೇಳಿ.

ಕೇಂದ್ರದ ನೀತಿ 2021ರದ್ದು. ಮೊದಲು 20 ಲಕ್ಷದವರೆಗೆ ಇದ್ದ ನೆರವನ್ನು ಮೇ 2022ರಲ್ಲಿ 50 ಲಕ್ಷಕ್ಕೆ ಏರಿಸಿದರು, ಎಸ್‌ಎಂಎಯಂಥ ದುಬಾರಿ ಕಾಯಿಲೆಗಳಿಗೂ ವಿಸ್ತರಿಸಿದರು. ಹಣ ನಿಮ್ಮ ಕೈಗೆ ಬರುವುದಿಲ್ಲ, ಇದಕ್ಕೆಂದು ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರದ (ಸೆಂಟರ್ ಆಫ್ ಎಕ್ಸಲೆನ್ಸ್) ಮೂಲಕ ಔಷಧವಾಗಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಆ ಕೇಂದ್ರ ಬೆಂಗಳೂರಿನಲ್ಲಿದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಗೂಡಿ ನಡೆಸುವಂಥದ್ದು. ಮೊದಲ ಹೆಜ್ಜೆ ಅಲ್ಲಿ ಹೆಸರು ನೋಂದಾಯಿಸುವುದು. ರಾತ್ರಿ ರೈಲಿಗೆ ಹೋಗಿ ಬನ್ನಿ, ಯಾರ ಶಿಫಾರಸಿಗೂ ಕಾಯಬೇಡಿ.

ಈ 50 ಲಕ್ಷದ ಮಿತಿಯೇ ಎಷ್ಟೋ ಮನೆಗಳನ್ನು ಅಳಿಸಿತ್ತು. ಹಳೆಯ ದರದಲ್ಲಿ 12 ಕಿಲೋದ ಮಗುವಿಗೆ ಆ ಹಣ ಎಂಟು ಬಾಟಲಿಗೆ, ಅಂದರೆ ಐದು ತಿಂಗಳು ಚಿಲ್ಲರೆ ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸ ದರದಲ್ಲಿ ಅದೇ ಹಣ ಹತ್ತು ವರ್ಷಕ್ಕೂ ಮೀರಿ ಬರುತ್ತದೆ. ಮೊತ್ತ ಬದಲಾಗಲಿಲ್ಲ, ಬೆಲೆ ಬದಲಾಯಿತು.

ಬೆಲೆ ಇಳಿಯುವುದಕ್ಕೂ ಕಾನೂನು ಮಾಡುವವರಿಗೂ ಸಂಬಂಧವಿದೆ, ಇದು ಹೆಚ್ಚು ಜನ ಗಮನಿಸದ ವಿಷಯ. 1970ರ ಪೇಟೆಂಟ್ ಕಾಯಿದೆ ಔಷಧ ವಸ್ತುವಿಗೆ ಪೇಟೆಂಟ್ ಕೊಡಲೇ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಭಾರತೀಯ ಔಷಧ ಉದ್ಯಮ ಬೆಳೆದದ್ದು ಆ ನೆಲದ ಮೇಲೆ. 2005ರಲ್ಲಿ ವಸ್ತುವಿಗೂ ಪೇಟೆಂಟ್ ಕೊಡಬೇಕಾಗಿ ಬಂದಾಗ, ಹಳೆಯ ಔಷಧಕ್ಕೆ ಸಣ್ಣ ಬದಲಾವಣೆ ಮಾಡಿ ಮತ್ತೆ ಪೇಟೆಂಟ್ ಹಿಡಿಯುವುದನ್ನು ತಡೆಯುವ ಹಾಗೆ 3(ಡಿ) ಎಂಬ ಸೆಕ್ಷನ್ನನ್ನು ಸಂಸತ್ತು ಬಿಗಿಗೊಳಿಸಿತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗೆ ತಯಾರಿಸಲು ಅನುಮತಿ, ಅಂದರೆ ಕಡ್ಡಾಯ ಪರವಾನಗಿ ಕೊಡುವ 84ನೇ ಸೆಕ್ಷನ್ನೂ ಆ ಕಾಯಿದೆಯಲ್ಲೇ ಇದೆ. 2012ರಲ್ಲಿ ಅದರಡಿ ಪರವಾನಗಿ ಪಡೆದ ಇದೇ ನ್ಯಾಟ್ಕೋ, ತಿಂಗಳಿಗೆ 2.8 ಲಕ್ಷವಿದ್ದ ಕ್ಯಾನ್ಸರ್ ಔಷಧವನ್ನು 8,880 ರೂಪಾಯಿಗೆ ಕೊಟ್ಟಿತು. ಮತದಾನದ ದಿನ ನಾವು ರಸ್ತೆ, ನೀರು ನೆನೆಯುತ್ತೇವೆ. ಕಾಯಿದೆಯ ಒಂದು ಸೆಕ್ಷನ್ ಔಷಧದ ಅಂಗಡಿಯ ಬಿಲ್ಲನ್ನು ಹೇಗೆ ಇಳಿಸುತ್ತದೆ ಎಂಬುದನ್ನೂ ನೆನೆಯಬೇಕು ಎಂದು ನನಗೆ ಅನಿಸುತ್ತದೆ.

ಇನ್ನು ಪತ್ರ. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ ತಂದೆಯೊಬ್ಬರು ಮಗನಿಗಾಗಿ ನಮ್ಮ ವಿಭಾಗಕ್ಕೆ ಬಂದಿದ್ದರು. ಕಡಲಿಗೆ ಇಳಿದರೆ ಹತ್ತು ದಿನ ಮನೆಯಿಲ್ಲ. ಅವರು ತಂದ ಶಿಫಾರಸು ಪತ್ರದಲ್ಲಿ ಸುಂದರವಾದ ಲೆಟರ್‌ಹೆಡ್, ಹಸಿರು ಶಾಯಿಯ ಸಹಿ, ಮಧ್ಯದಲ್ಲಿ ಮೂರು ಸಾಲು: ಬಡ ಕುಟುಂಬ, ಮಗುವಿಗೆ ಕಾಯಿಲೆ, ಸಹಾಯ ಮಾಡಬೇಕಾಗಿ ಕೋರಿಕೆ. ನಾಲ್ಕು ತಿಂಗಳ ನಂತರ ಒಂದು ಕಚೇರಿಯಿಂದ ಹಿಂಬರಹ ಬಂತು. ಕಾಯಿಲೆಯ ಹೆಸರು ನಮೂದಿಸಿಲ್ಲ, ಅಂದಾಜು ವೆಚ್ಚದ ಮೂಲ ಪ್ರತಿ ಲಗತ್ತಿಸಿಲ್ಲ. ಅಷ್ಟರಲ್ಲಿ ಹುಡುಗ ಕೈ ಎತ್ತಿ ತಲೆ ಮುಟ್ಟುವುದನ್ನು ನಿಲ್ಲಿಸಿದ್ದ. ಸಹಿ ಹಾಕಿದವರಿಗೆ ಮನಸ್ಸಿರಲಿಲ್ಲ ಎಂದು ನಾನು ಹೇಳಲಾರೆ. ಅವರಿಗೆ ಬರೆಯಬೇಕಾದ್ದನ್ನು ಯಾರೂ ಕೊಟ್ಟಿರಲಿಲ್ಲ. ಆ ದಿನದಿಂದ ನಾನು ಯಾರನ್ನೂ ಬರಿಗೈಯಲ್ಲಿ ಜನಪ್ರತಿನಿಧಿಯ ಕಚೇರಿಗೆ ಕಳುಹಿಸಿಲ್ಲ. ಪತ್ರದ ಕರಡನ್ನು ನಾವೇ ಬರೆದು ಒಯ್ಯುತ್ತಿದ್ದೆವು: ಕಾಯಿಲೆಯ ಪೂರ್ತಿ ಹೆಸರು, ಪರೀಕ್ಷೆಯ ದಿನಾಂಕ, ಮಗುವಿನ ವಯಸ್ಸು ಮತ್ತು ತೂಕ, ಔಷಧದ ಹೆಸರು, ವರ್ಷಕ್ಕೆ ಬೇಕಾದ ಬಾಟಲಿ, ಉತ್ಕೃಷ್ಟತಾ ಕೇಂದ್ರದ ನೋಂದಣಿ ಸಂಖ್ಯೆ, ಆಸ್ಪತ್ರೆಯ ಅಂದಾಜು ಪಟ್ಟಿ. ಕಚೇರಿಯಲ್ಲಿ ಕೊಟ್ಟ ಮೇಲೆ ಟಪಾಲು ಸ್ವೀಕೃತಿ ಪಡೆಯದೆ ಮೆಟ್ಟಿಲು ಇಳಿಯಬೇಡಿ.

ಪತ್ರ ಕೊಟ್ಟು ಎದ್ದು ಬರುವ ಮೊದಲು ಇನ್ನೊಂದನ್ನು ಕೇಳಿ, ನನ್ನ ಪ್ರಕಾರ ಇದೇ ದೊಡ್ಡದು. ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಲು ಕೋರಿ. ಇದಕ್ಕೆ ಸದನದಲ್ಲಿ ಮಾತನಾಡಬೇಕಾಗಿಲ್ಲ, ಸಾಮಾನ್ಯವಾಗಿ ಹದಿನೈದು ದಿನ ಮೊದಲು ನೋಟಿಸ್ ಕೊಟ್ಟರಾಯಿತು. ಆಯ್ಕೆಯಾದ ಪ್ರಶ್ನೆಗೆ ಸಚಿವರು ಲಿಖಿತ ಉತ್ತರ ಕೊಡಲೇಬೇಕು. ಅದು ದಾಖಲೆಯಾಗಿ ಉಳಿಯುತ್ತದೆ, ಯಾರು ಬೇಕಾದರೂ ಎತ್ತಿ ತೋರಿಸಬಹುದು. ಪ್ರಶ್ನೆಯನ್ನು ಹೀಗೆ ಬರೆದುಕೊಂಡು ಹೋಗಿ: (ಅ) ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ನೋಂದಾಯಿತರಾದ ಎಸ್‌ಎಂಎ ರೋಗಿಗಳು ರಾಜ್ಯವಾರು ಎಷ್ಟು, ಅವರಲ್ಲಿ ಈಗ ಔಷಧ ಪಡೆಯುತ್ತಿರುವವರು ಎಷ್ಟು, (ಆ) ರಿಸ್ಡಿಪ್ಲಾಮ್‌ನ ಭಾರತೀಯ ತಯಾರಿಕೆ ಬಂದ ಮೇಲೆ ಉತ್ಕೃಷ್ಟತಾ ಕೇಂದ್ರಗಳು ಅದನ್ನು ಖರೀದಿಸಿವೆಯೇ, ಯಾವ ದರಕ್ಕೆ, (ಇ) 50 ಲಕ್ಷದ ಮಿತಿ ಮುಗಿದು ಔಷಧ ನಿಂತವರಿಗೆ ಮತ್ತೆ ಆರಂಭಿಸಲು ಸರ್ಕಾರ ಕೈಗೊಂಡ ಕ್ರಮವೇನು? ಈ ಮೂರು ಸಾಲಿಗೆ ಉತ್ತರ ಬಂದರೆ ಪ್ರಯೋಜನ ನಿಮ್ಮ ಮಗುವಿಗೆ ಮಾತ್ರವಲ್ಲ. ದೆಹಲಿ ಹೈಕೋರ್ಟ್ ಅಕ್ಟೋಬರ್ 2024ರಲ್ಲಿ ಅಪರೂಪದ ಕಾಯಿಲೆಗಳಿಗೇ ಒಂದು ರಾಷ್ಟ್ರೀಯ ನಿಧಿ ಸ್ಥಾಪಿಸಬೇಕೆಂದು ಹೇಳಿತ್ತು. ಅದು ಎಲ್ಲಿಗೆ ಬಂತು ಎಂದೂ ಸೇರಿಸಬಹುದು.

ಸಂಶೋಧನೆಗೆ ಬೆಂಬಲ ಎಂದವರನ್ನು ನಮ್ಮ ಜಿಲ್ಲೆಯ ಮಟ್ಟಕ್ಕೂ ಇಳಿಸಿ ಕೇಳಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವಿದೆ. ದೇಶದಲ್ಲಿ ಎಷ್ಟು ಕಾಲೇಜುಗಳಿಗೆ ಈ ಭಾಗ್ಯವಿದೆ? ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಎಸ್‌ಎಂಎ ಪತ್ತೆ ಮಾಡಬಹುದು, ನರಕೋಶ ಸಾಯುವ ಮೊದಲೇ ಚಿಕಿತ್ಸೆ ಆರಂಭಿಸಬಹುದು. ಉಡುಪಿ, ದಕ್ಷಿಣ ಕನ್ನಡದ ಹೆರಿಗೆಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ನಡೆಸಲು ಅನುದಾನ ಕೊಡಿಸಿ ಎಂದು ಶಾಸಕರು ವಿಧಾನಸಭೆಯಲ್ಲಿ ಕೇಳಿದರೆ ನಾನು ಅದನ್ನು ನಿಜವಾದ ಬೆಂಬಲ ಎನ್ನುತ್ತೇನೆ.

ನೀವು ಕೇಳದೆ ಬಿಟ್ಟ ಒಂದು ವಿಷಯ. ಮಗುವಿನ ತಾಯಿಯ ಕಡೆಯಿಂದ ಬಂದದ್ದು ಎಂದು ಯಾರಾದರೂ ಆಡಿಕೊಳ್ಳುತ್ತಿದ್ದರೆ, ಸೋದರತ್ತೆಯಾದ ನೀವೇ ಅದನ್ನು ನಿಲ್ಲಿಸಬೇಕು. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ದೋಷವಿರುವ ಜೀನಿನ ಒಂದು ಪ್ರತಿ ಇಬ್ಬರಲ್ಲೂ ಇದ್ದರೆ ಮಾತ್ರ ಈ ಕಾಯಿಲೆ ಬರುತ್ತದೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಲವತ್ತು ಐವತ್ತು ಜನರಲ್ಲಿ ಒಬ್ಬರು ವಾಹಕರಿರುತ್ತಾರೆ, ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ತಮ್ಮ ವಾಹಕನಾಗಿದ್ದರೆ ನೀವೂ ವಾಹಕರಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಮದುವೆ, ಬಸಿರು ಎಂದಿರುವವರೆಲ್ಲ ಮಣಿಪಾಲದಲ್ಲಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ತಮ್ಮನ ಹೆಂಡತಿ ಮತ್ತೆ ಬಸಿರಾದರೆ ಹನ್ನೊಂದನೇ ವಾರದ ಹೊತ್ತಿಗೇ ಪರೀಕ್ಷೆಗೆ ಬರಬೇಕು.

ಔಷಧ ಸಿಕ್ಕ ಮೇಲೆ ಅದನ್ನು ತಂಪಿನಲ್ಲಿಡಬೇಕು, 2ರಿಂದ 8 ಡಿಗ್ರಿಯಲ್ಲಿ. ಆಸಾಡಿ ಮಳೆಗೆ ನಿಮ್ಮ ಕಡೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಆ ಮಲ್ಪೆಯ ತಂದೆ ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯನ್ನು ಹೊಸದಾಗಿ ಕೊಂಡು, ಒಳಗೆ ಐಸ್ ಪ್ಯಾಕ್ ಇಟ್ಟು, ಬಾಟಲಿಗೆ ಐಸ್ ನೇರವಾಗಿ ತಾಗದ ಹಾಗೆ ಟವೆಲ್ ಸುತ್ತಿ ತರುತ್ತಿದ್ದರು. ನೀವೂ ಹಾಗೆ ಒಂದನ್ನು ಈಗಲೇ ತೆಗೆದಿಡಿ. ಪತ್ರದ ಕರಡು ಬರೆಯುವಾಗ ಮಗುವಿನ ತೂಕದ ಜಾಗವನ್ನು ಖಾಲಿ ಬಿಡಿ. ಕಚೇರಿಗೆ ಹೊರಡುವ ದಿನ ಬೆಳಿಗ್ಗೆ ಅಂಗನವಾಡಿಯಲ್ಲಿ ತೂಗಿಸಿ, ಬಂದ ಸಂಖ್ಯೆಯನ್ನು ಬರೆದು, ಆಮೇಲೆ ಹೊರಡಿ.